ಕಾಡುಕಪ್ಪೆಯ ಗುರುತು

ಜೂನ್ 3, ಸೋಮವಾರ

ಇವತ್ತೂ ಅಕ್ಕ ನನ್ನ ಗುರುತು ಹಿಡಿಯಲಿಲ್ಲ.

ಬೆಳಿಗ್ಗೆ ಬೇಕೆಂದೇ ಬಾಯಿ ಬಿಡದೆ ಅವಳ ಕೋಣೆಗೆ ಹೋಗಿ ಮಂಚದ ಎದುರಿಗೆ ನಿಂತೆ. ಪರದೆ ಸರಿಸಿದ್ದೆ. ಬೆಳಕು ನೇರವಾಗಿ ನನ್ನ ಮುಖದ ಮೇಲೆ ಬೀಳುತ್ತಿತ್ತು. ಇಷ್ಟು ವರ್ಷ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆದವಳಿಗೆ ಮುಖಕ್ಕೆ ಬೆಳಕು ಎಲ್ಲಿಂದ ಬರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಎದ್ದು ಕೂತು, ಹೊದಿಕೆ ಸರಿಮಾಡಿಕೊಂಡು, ನನ್ನನ್ನೇ ನೋಡಿ ಬಹಳ ಮರ್ಯಾದೆಯಿಂದ ಕೇಳಿದಳು.

"ಯಾರು ಬೇಕಿತ್ತು ನಿಮಗೆ? ನನ್ನ ತಂಗಿ ಕೆಳಗೆ ಸ್ಟುಡಿಯೋದಲ್ಲಿ ಇರ್ತಾಳೆ."

ನಿಮಗೆ! ನನ್ನ ಮೂಗು ಒರೆಸಿ, ತಲೆ ಬಾಚಿ, ಸ್ಕೂಲಿಗೆ ಎಳೆದುಕೊಂಡು ಹೋಗುತ್ತಿದ್ದವಳು ನನಗೆ "ನಿಮಗೆ" ಎಂದಳು.

"ನಾನೇ ಅಕ್ಕಾ" ಎಂದೆ.

"ಅಯ್ಯೋ ಸಣ್ಣಿ! ಬಾಯಿ ಬಿಟ್ಟಿದ್ರೆ ಗೊತ್ತಾಗ್ತಿತ್ತಲ್ಲೇ. ಬೆಳಿಗ್ಗೆ ಬೆಳಿಗ್ಗೇನೇ ಪರೀಕ್ಷೆ ಇಡ್ತೀಯಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮೆದುಳಿಗೆ ಸೋಂಕಾಗಿ ಆಸ್ಪತ್ರೆಯಲ್ಲಿದ್ದು ಬಂದಮೇಲೆ ಹೀಗೆ. ಕಣ್ಣು ಚೆನ್ನಾಗಿದೆ, ಬುದ್ಧಿ ಮೊದಲಿಗಿಂತ ಚುರುಕಾಗಿದೆ, ಎಡಗಾಲು ಸ್ವಲ್ಪ ಎಳೆಯುತ್ತದೆ. ಮುಖಗಳು ಮಾತ್ರ ಹೋಗಿವೆ. "ಮೂಗು ಕಾಣುತ್ತೆ, ಕಣ್ಣು ಕಾಣುತ್ತೆ, ಬಾಯಿ ಕಾಣುತ್ತೆ. ಎಲ್ಲ ಸೇರಿ ಒಬ್ಬರಾಗೋದು ಮಾತ್ರ ಆಗಲ್ಲ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ವಾಪಸ್ಸು ಬರಬಹುದಾ ಎಂದು ಕೇಳಿದರೆ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

ಅಣ್ಣ ಫೋನ್ ಮಾಡಿದ್ದ. ಅವನಿರುವ ಊರಿನ ಆರೈಕೆ ಮನೆಯಲ್ಲಿ ಜುಲೈ ಮೊದಲ ವಾರ ಒಂದು ಕೋಣೆ ಖಾಲಿಯಾಗುತ್ತದಂತೆ. ಅಲ್ಲಿ ಎಲ್ಲರೂ ಹೆಸರಿನ ಬಿಲ್ಲೆ ಹಾಕಿಕೊಂಡೇ ಓಡಾಡುತ್ತಾರಂತೆ. "ಯೋಚನೆ ಮಾಡು, ಆದ್ರೆ ಜಾಸ್ತಿ ಯೋಚನೆ ಮಾಡಬೇಡ" ಎಂದ. ನಾನು ಮನಸ್ಸಿನಲ್ಲೇ ಒಂದು ಗಡುವು ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ನನ್ನ ಮುಖ ಗುರುತು ಹಿಡಿದರೆ ಇಲ್ಲಿ. ಇಲ್ಲದಿದ್ದರೆ ಅಲ್ಲಿ. ನಾನು ಯಾರೆಂದು ಗೊತ್ತಿಲ್ಲದವಳಿಗೆ ನನ್ನ ಮನೆಯಾದರೇನು, ಇನ್ನೊಂದು ಮನೆಯಾದರೇನು?

ಜೂನ್ 5, ಬುಧವಾರ

ನಮ್ಮನೆಯವರ ಜಂಬ ನೋಡಬೇಕು! ಬಾಗಿಲ ಹತ್ತಿರ ಬರುವ ಮೊದಲೇ ಒಂದು ಸೀನು ಸೀನುತ್ತಾರೆ. ಮಹಡಿಯ ಮೇಲಿಂದ ಅಕ್ಕ "ಬಂದ್ರಾ ಯಜಮಾನ್ರು? ಬನ್ನಿ ಬನ್ನಿ" ಎಂದು ಕರೆಯುತ್ತಾಳೆ. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ. ಮೂಗಲ್ಲಿ ಗೆದ್ದ ಮನುಷ್ಯ.

ಆದರೆ ಇವತ್ತು ನಡೆದದ್ದು ನಗುವ ವಿಷಯವಲ್ಲ. ನಾನು ಕೆಳಗೆ ಕೆಲಸದಲ್ಲಿದ್ದಾಗ ನೀರಿನ ಫಿಲ್ಟರ್ ಮಾರುವವನೊಬ್ಬ ಬೆಲ್ ಮಾಡಿದ್ದಾನೆ. ಕನ್ನಡಕ, ಸಣ್ಣ ಹೊಟ್ಟೆ, ಕೈಯಲ್ಲಿ ಚೀಲ. ಅಣ್ಣನೇ ಬಂದನೆಂದುಕೊಂಡು ಅಕ್ಕ ಒಳಗೆ ಕರೆದು, ಕಾಫಿ ಕೊಟ್ಟು, "ಎಷ್ಟು ಇಳಿದುಹೋಗಿದೀಯೋ" ಎಂದು ಮರುಗಿದ್ದಾಳೆ. ಪಾಪ, ಅವನೂ ಒಳ್ಳೆಯವನೇ ಇರಬೇಕು. ಕಾಫಿ ಕುಡಿದು, "ನಾನು ಅವರಲ್ಲ ಅಮ್ಮ" ಎಂದು ಹೇಳಿ ಎದ್ದುಹೋಗಿದ್ದಾನೆ. ಕೆಟ್ಟವನಾಗಿದ್ದರೆ?

ಅಣ್ಣನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. "ನೋಡಿದ್ಯಾ?" ಎಂದ. ಅಷ್ಟೇ ಹೇಳಿದ.

ಜೂನ್ 9, ಭಾನುವಾರ

ಮೈಯೆಲ್ಲ ಉರಿಯುತ್ತಿದೆ, ಮನಸ್ಸೂ.

ಬೆಳಿಗ್ಗೆ ಅರಣ್ಯದ ಗಾರ್ಡ್ ಬಂದಿದ್ದರು. ಊರಾಚೆಯ ಕಾಡಿನಲ್ಲಿ ಪ್ರತಿ ವರ್ಷ ಮಳೆ ಶುರುವಾದ ಮೇಲೆ ಕಪ್ಪೆ ಗಣತಿ ಮಾಡುತ್ತಾರೆ. ಆಸಕ್ತಿ ಇರುವವರೆಲ್ಲ ಸಾಲಾಗಿ ಕೂತು ತರಗೆಲೆಯಲ್ಲಿ ಹುಡುಕುವುದು, ಸಿಕ್ಕಿದ್ದು ಕಾಡುಕಪ್ಪೆಯೋ ಬೇರೆಯೋ ಎಂದು ಅಕ್ಕ ಬಂದು ನೋಡಿ ಹೇಳುವುದು. ವಸ್ತುಸಂಗ್ರಹಾಲಯದಲ್ಲಿ ಜೀವಮಾನವಿಡೀ ಕಪ್ಪೆ, ಹಲ್ಲಿ, ಹಾವುಗಳ ಚಿತ್ರ ಬರೆದವಳು ಅವಳು. "ಈ ಸಲವೂ ಮೇಡಂ ಬರ್ತಾರಲ್ವಾ?" ಎಂದು ಗಾರ್ಡ್ ಕೇಳಿದರು.

ನಾನು ಬರುವುದಿಲ್ಲ ಎಂದೆ. ಒಳಗಿನಿಂದ ಅಕ್ಕ ಬರುತ್ತೇನೆ ಎಂದಳು. "ನನ್ನ ತಂಗೀನೂ ಬರ್ತಾಳೆ" ಎಂದು ಬೇರೆ ಸೇರಿಸಿದಳು. ಇದ್ದಕ್ಕಿದ್ದಂತೆ ನಾನು ಕಪ್ಪೆ ಹುಡುಕುವವಳಾದೆ.

ಸರಿ, ಒಮ್ಮೆ ನೋಡಿ ಬರೋಣ ಎಂದು ಸಂಜೆಗೆ ಮುಂಚೆ ಕರೆದುಕೊಂಡು ಹೋದೆ. ಅವಳು ಕಾಲೆಳೆಯುತ್ತ ಒಂದೊಂದು ಎಲೆಯನ್ನೂ ಮಾತಾಡಿಸುತ್ತ ಬರುತ್ತಿದ್ದಳು. ನನಗೆ ತಾಳ್ಮೆ ಇರಲಿಲ್ಲ, ಮುಂದೆ ಮುಂದೆ ನಡೆದುಬಿಟ್ಟೆ. ಮಳೆನೀರು ನಿಂತ ಹಳ್ಳದ ಹತ್ತಿರ, ಬಿದ್ದ ಮರದ ಬುಡದಲ್ಲಿ ಅಕ್ಕ ಬಗ್ಗಿದಳು. ತರಗೆಲೆಯ ನಡುವೆ ತರಗೆಲೆಯಂಥದ್ದೇ ಒಂದು ಕಪ್ಪೆ.

"ಅಯ್ಯೋ ನನ್ನಪ್ಪ! ನೀನಿನ್ನೂ ಇದೀಯೇನೋ!" ಎಂದಳು ಅಕ್ಕ. ಕಣ್ಣಲ್ಲಿ ನೀರು. "ಸಣ್ಣಿ, ಇದು ಹೋದ ವರ್ಷದ್ದೇ ಕಣೇ. ಕಣ್ಣಿನ ಪಟ್ಟಿ ನೋಡು, ಬಲಗಡೆ ಕಿವಿ ಹಿಂದೆ ತುಂಡಾಗಿದೆ. ಚಿತ್ರ ಬರೆದಿದ್ನಲ್ಲ, ಇದೇ."

ಕಪ್ಪೆಯ ಗುರುತು ಸಿಕ್ಕಿತು ಅವಳಿಗೆ. ಒಂದು ಕಪ್ಪೆಯ ಮುಖದ ಗುರುತು! ವರ್ಷದ ಹಿಂದೆ ಎಂದೋ ನೋಡಿದ್ದು. ವಯಸ್ಸಾದ ಹೆಂಗಸು ನಾನು, ಒಂದು ಕಪ್ಪೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಗೊತ್ತಾದರೂ ತಡೆಯಲಾಗಲಿಲ್ಲ.

"ಒಳ್ಳೇದಾಯ್ತು. ಅದನ್ನೇ ಮನೆಗೆ ಕರ್ಕೊಂಡು ಹೋಗು, ಅದೇ ಅಡುಗೆ ಮಾಡಿ ಹಾಕ್ಲಿ" ಎಂದೆ.

ಅಕ್ಕ ಕಪ್ಪೆಯ ಮೇಲೆ ಒಂದು ಎಲೆ ಸರಿಸಿ ಎದ್ದಳು. ದಾರಿಯುದ್ದಕ್ಕೂ ನಾನು ಮುಂದೆ, ಅವಳು ಹಿಂದೆ.

ಜೂನ್ 10, ಸೋಮವಾರ

ಮಾತಿಲ್ಲ. ಕಾಫಿ ಇಟ್ಟು ಬಂದೆ. "ಥ್ಯಾಂಕ್ಸ್" ಎಂದಳು. ಯಾರೆಂದುಕೊಂಡು ಹೇಳಿದಳೋ.

ಜೂನ್ 15, ಶನಿವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಕಪ್ಪೆಯ ವಿಷಯ ಹೇಳಿ ಜಗಳವಾಡಿದೆ. ಅವರು ನಗಲಿಲ್ಲ. ಹಾಗೂ ಆಗುತ್ತದಂತೆ, ಮನುಷ್ಯರ ಮುಖ ಹೋದರೂ ಪ್ರಾಣಿಗಳದ್ದು ಉಳಿಯುವುದು. ಅವಳು ಕಪ್ಪೆಯನ್ನು ನೋಡುವ ರೀತಿಯೇ ಬೇರೆ ಇರಬಹುದು ಎಂದರು. "ನೀವು ಅವರ ಜೊತೆ ಹೋಗಿ, ಹೇಗೆ ನೋಡ್ತಾರೆ ಅಂತ ಕಲೀರಿ" ಎಂದರು. ಔಷಧಿ ಬರೆದುಕೊಡಿ ಎಂದರೆ ಕಪ್ಪೆ ಬರೆದುಕೊಟ್ಟರು.

ಮಧ್ಯಾಹ್ನ ಸ್ಟುಡಿಯೋ ಮುಚ್ಚಿ ಕಾಡಿಗೆ ಹೋದೆವು. ಹಳ್ಳದ ಹತ್ತಿರ ಅಕ್ಕ ಎಡಕ್ಕೆ ವಾಲಿದಳು, ಮೊಣಕೈ ಹಿಡಿದುಕೊಂಡೆ. ಆಮೇಲೆ ಪಾಠ ಶುರುವಾಯಿತು.

"ಕಪ್ಪೆ ನೋಡೋಕ್ಕೆ ಮೊದಲು ಜಾಗ ನೋಡು" ಎಂದಳು. "ಎಲ್ಲಿ ಕೂತಿದೆ? ನೀರಲ್ಲಾ, ನೀರಿನ ದಡದಲ್ಲಾ, ಮರದ ಮೇಲಾ, ಎಲೆ ಕೆಳಗಾ? ಜಾಗ ಅರ್ಧ ಹೆಸರು ಹೇಳಿಬಿಡುತ್ತೆ. ಕಾಡುಕಪ್ಪೆ ನೆರಳು ಬಿಟ್ಟು ಹೋಗಲ್ಲ. ತರಗೆಲೆ, ಒದ್ದೆ ಮಣ್ಣು, ಹತ್ತಿರದಲ್ಲಿ ನಿಂತ ನೀರು. ಹೆದರಿದ್ರೆ ಎಲೆ ಒಳಗೆ ಹಾರುತ್ತೆ. ಕೊಳದ ಕಪ್ಪೆ ಆದ್ರೆ ನೀರಿಗೇ ಹಾರುತ್ತೆ."

ಆಮೇಲೆ ಮುಖದ ಪಟ್ಟಿ. ಮೂತಿಯ ತುದಿಯಿಂದ ಕಣ್ಣಿನ ಮೇಲೆ ಹಾದು ಕಿವಿಯ ಹಿಂದಿನ ತನಕ ಕಪ್ಪು ಬಳಿದ ಹಾಗಿರುತ್ತದೆ, ಕಳ್ಳರು ಮುಖಕ್ಕೆ ಕಟ್ಟಿಕೊಂಡಂತೆ. ಆಮೇಲೆ ಬೆನ್ನು. ಎರಡೂ ಬದಿಗೆ ಹೊಲಿಗೆ ಹಾಕಿದ ಹಾಗೆ ಉಬ್ಬಿದ ಗೆರೆ. ಕೊನೆಗೆ ಹಿಂಗಾಲು, ಅದರ ಮೇಲೆ ಅಡ್ಡಪಟ್ಟೆ.

"ಬಣ್ಣ?" ಎಂದೆ.

"ಬಣ್ಣ ಮಾತ್ರ ನಂಬಬೇಡ. ಹೊಸಬರೆಲ್ಲ ಬಣ್ಣ ನೋಡಿಯೇ ಕೆಡ್ತಾರೆ. ಇದೇ ಕಪ್ಪೆ ಬಿಸಿಲಿದ್ದಾಗ ಒಣ ಎಲೆ ಬಣ್ಣ, ಮಳೇಲಿ ಸುಟ್ಟ ಬೆಲ್ಲದ ಬಣ್ಣ."

ನಾನು ಫೋಟೊ ತೆಗೆಯುವಾಗಿನ ಹಾಗೆ ಒಂದು ಮಂಡಿ ಊರಿ, ಇನ್ನೊಂದರ ಮೇಲೆ ಮೊಣಕೈ ಇಟ್ಟು ನೋಡಿದೆ. ಅಕ್ಕ ಎರಡು ಕಪ್ಪೆ ತೋರಿಸಿದಳು. ಒಂದು ಆ ತುಂಡುಪಟ್ಟಿಯದು, ಇನ್ನೊಂದು ಬೇರೆ. ಯಾವುದು ಯಾವುದು ಹೇಳು ಎಂದಳು. ನೋಡಿದೆ, ಮತ್ತೆ ನೋಡಿದೆ. ಅವು ಸ್ವಲ್ಪ ಜಾಗ ಬದಲಾಯಿಸಿದ್ದೇ ತಡ, ಗೊತ್ತಾಗಲಿಲ್ಲ.

"ನನಗೆ ಎಲ್ಲಾ ಕಪ್ಪೆನೂ ಒಂದೇ ಥರ ಕಾಣುತ್ತೆ ಕಣಕ್ಕಾ!" ಎಂದು ರೇಗಿದೆ.

"ಹೌದಲ್ವಾ?" ಎಂದಳು ಅಕ್ಕ, ಮಣ್ಣು ಕೊಡವುತ್ತ. "ನನಗೆ ಜನ ಹಾಗೆ."

ಸರಾಗವಾಗಿ ಹೇಳಿ ಮುಂದಿನ ಮರಕ್ಕೆ ಹೋದಳು.

ಜೂನ್ 16, ಭಾನುವಾರ

ಒಂದು ಉಪಾಯ ಹೊಳೆದಿದೆ. ಪೆಟ್ಟಿಗೆಯಲ್ಲಿದ್ದ ಹಳದಿ ಶಾಲು ತೆಗೆದೆ. ಕಣ್ಣಿಗೆ ಹೊಡೆಯುವ ಹಳದಿ. ಇನ್ನು ಮೇಲೆ ಮನೆಯಲ್ಲೂ ಹೊರಗೂ ಇದನ್ನೇ ಹೊದೆಯುತ್ತೇನೆ. "ಹಳದಿ ಶಾಲು ಅಂದ್ರೆ ನಾನು. ಬೇರೇನೂ ನೋಡಬೇಡ, ಶಾಲು ನೋಡು" ಎಂದು ಅಕ್ಕನಿಗೆ ಹೇಳಿದೆ.

ಅಕ್ಕ ಶಾಲಿನ ಅಂಚು ಹಿಡಿದು ನೋಡಿದಳು. "ಚೆನ್ನಾಗಿದೆ, ಸೂರ್ಯಕಾಂತಿ ಥರ" ಎಂದಳಷ್ಟೆ.

ಇವರು, "ಈ ಸೆಕೆಯಲ್ಲಿ ಶಾಲಾ? ಜ್ವರ ಗಿರ ಏನಾದ್ರೂ..." ಎಂದರು. ನೀವು ಸೀನಿ, ನಿಮ್ಮ ಕೆಲಸ ಅಷ್ಟೇ ಎಂದೆ.

ಜೂನ್ 19, ಬುಧವಾರ

ಶಾಲು ಕೆಲಸ ಮಾಡುತ್ತಿದೆ. ಮೆಟ್ಟಿಲಿಳಿದು ಬರುವಾಗಲೇ "ಸಣ್ಣಿ" ಎನ್ನುತ್ತಾಳೆ. ಬೀಗಬೇಕು ನಾನು. ಬೀಗುತ್ತಿಲ್ಲ. ಶಾಲಿಗೆ ಸಣ್ಣಿ ಎಂದಳೋ ನನಗೋ?

ಇವತ್ತಿನದು ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಇಲ್ಲದಿದ್ದರೆ ಎದೆಯಲ್ಲೇ ಕೂರುತ್ತದೆ.

ಸ್ಟುಡಿಯೋದಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಗೋಡೆಗೆ ಆಳೆತ್ತರದ ಕನ್ನಡಿ ಹಾಕಿಸಿದ್ದೇನೆ. ಅಕ್ಕ ಮೇಲಿಂದ ಇಳಿದು ಬಂದಳು. ನಾನು ಒಬ್ಬ ಅಜ್ಜನ ಗಲ್ಲ ಸರಿಮಾಡುತ್ತಿದ್ದೆ. ಅಕ್ಕ ಕನ್ನಡಿಯ ಎದುರಿಗೆ ಬಂದು ಸಟ್ಟನೆ ನಿಂತಳು. ಬದಿಗೆ ಸರಿದಳು. ಕನ್ನಡಿಯವಳೂ ಸರಿದಳು. ಅಕ್ಕ ನಾಚಿಕೆಯಿಂದ ನಕ್ಕು, ಕೈಯಿಂದ ಕುರ್ಚಿ ತೋರಿಸಿ, "ನೀವು ಮೊದಲು ಕೂತ್ಕೊಳ್ಳಿ, ನನಗೇನೂ ಅವಸರವಿಲ್ಲ" ಎಂದಳು.

ಅಜ್ಜ ನನ್ನ ಮುಖ ನೋಡಿದ. ನಾನು "ಅಲುಗಾಡಬೇಡಿ" ಎಂದೆ.

ಇಷ್ಟು ದಿನ ನನ್ನ ಮುಖ ಮರೆತಳು, ನನ್ನ ಮುಖ ಮರೆತಳು ಎಂದು ಕುದಿಯುತ್ತಿದ್ದೆನಲ್ಲ. ಅವಳ ಹತ್ತಿರ ಅವಳದ್ದೇ ಇಲ್ಲ. ಅಜ್ಜ ಹೋದಮೇಲೆ ಕನ್ನಡಿಯ ಮೇಲೊಂದು ಬಟ್ಟೆ ಹಾಕಿದೆ. ಬಟ್ಟೆ ಯಾಕೆ ಎಂದು ಅಕ್ಕ ಕೇಳಿದಳು. ಧೂಳು ಎಂದೆ. ಒಳಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜೂನ್ 23, ಭಾನುವಾರ

ಕಾಡಿನಲ್ಲಿ ಮೊದಲ ಸಲ ನಾನಾಗಿ ಒಂದು ಕಪ್ಪೆ ಹಿಡಿದೆ, ಅಂದರೆ ಕಣ್ಣಿನಲ್ಲಿ. "ಅಕ್ಕಾ, ಹಸಿರು! ಕೊಳದ ಕಪ್ಪೆ" ಎಂದು ಕೂಗಿದೆ. ಅಕ್ಕ ಬಂದು ನೋಡಿ, ಅದರ ಬೆನ್ನಿನ ಮೇಲೆ ಅಂಟಿದ್ದ ಪಾಚಿಯನ್ನು ಹುಲ್ಲುಕಡ್ಡಿಯಲ್ಲಿ ಮೆಲ್ಲಗೆ ಸರಿಸಿದಳು. ಕೆಳಗೆ ಕಂದು. ಕಣ್ಣಿಗೆ ಕಳ್ಳನ ಪಟ್ಟಿ.

"ಬಣ್ಣ ನಂಬಬೇಡ ಅಂದಿದ್ದೆ" ಎಂದಳು, ನನ್ನ ಶಾಲನ್ನು ನೋಡದ ಹಾಗೆ ನೋಡಿ.

ವಾಪಸ್ಸು ಬರುವಾಗ ಪೊದೆಯ ಮುಳ್ಳು ತರಚಿ ನನ್ನ ಎಡಗೈಯೆಲ್ಲ ಗೀರು. ಕಾಲುದಾರಿ ಅಗಲ ಸಾಲದು, ಅಕ್ಕನ ಎಡಕ್ಕೆ ನಡೆಯುವವರು ಪೊದೆಯಲ್ಲೇ ನಡೆಯಬೇಕು. ಯಾರಾದರೂ ಆ ಪೊದೆ ಕತ್ತರಿಸಬಾರದೇ? ಗಾರ್ಡ್‌ಗೆ ಹೇಳಬೇಕು.

ಜೂನ್ 27, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಹಣ್ಣಿನ ಅಂಗಡಿಯ ಮುಂದೆ ಅವಳನ್ನು ನಿಲ್ಲಿಸಿ, ಇಲ್ಲೇ ಇರು ಎಂದು ಪಕ್ಕದಂಗಡಿಗೆ ಹೋದೆ. ಸೋಪು ತಗೊಂಡು ತಿರುಗಿದರೆ ಅಕ್ಕ ಇಲ್ಲ. ಹಣ್ಣಿನವನನ್ನು ಕೇಳಿದೆ. "ನಿಮ್ಮ ಜೊತೇನೇ ಹೋದ್ರಲ್ಲಮ್ಮ, ಹಳದಿ ಶಾಲಿನ ಹಿಂದೆ" ಎಂದ. ಅಷ್ಟರಲ್ಲಿ ಅವನೇ ನನ್ನ ಶಾಲು ನೋಡಿ ಬಾಯಿ ಮುಚ್ಚಿಕೊಂಡ.

ಇನ್ಯಾರೋ ಹೆಂಗಸು. ಅದೇ ಹಳದಿ. ಆ ಗದ್ದಲದಲ್ಲಿ ನನ್ನ ದನಿ ಯಾವುದೋ, ಯಾರ ದನಿ ಯಾವುದೋ. ಅಕ್ಕ ಅವಳ ಹಿಂದೆ ನಡೆದು, ಅವಳ ಹಿಂದೆಯೇ ಬಸ್ಸು ಹತ್ತಿದ್ದಾಳೆ.

ಹುಚ್ಚಿಯ ಹಾಗೆ ಓಡಿದೆ. ಸಿಕ್ಕಸಿಕ್ಕವರನ್ನು ತಡೆದು ಕೇಳಿದೆ. ಅಕ್ಕನ ಫೋಟೊ ತೋರಿಸೋಣವೆಂದರೆ ನನ್ನ ಫೋನಿನಲ್ಲಿ ಅವಳದ್ದು ಒಂದೂ ಇರಲಿಲ್ಲ. ಊರಿಗೆಲ್ಲ ಫೋಟೊ ತೆಗೆಯುವವಳು! ಕೊನೆಗೆ ಇವರೇ ಫೋನ್ ಮಾಡಿ, ಬಸ್ಸಿನ ಕೊನೆಯ ನಿಲ್ದಾಣದಲ್ಲಿದ್ದಾಳಂತೆ ಎಂದರು. ಅಕ್ಕ ಸ್ಟುಡಿಯೋ ನಂಬರ್ ಹೇಳಿ ಫೋನ್ ಮಾಡಿಸಿದ್ದಳು.

ಹೋದಾಗ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆ ಹೆಂಗಸು, ನೀರಿನ ಬಾಟಲಿ ಹಿಡಿದು. ಎರಡು ಹಳದಿ ಶಾಲುಗಳನ್ನು ನೋಡಿ ಅಕ್ಕ ಒಂದರಿಂದ ಇನ್ನೊಂದಕ್ಕೆ ಕಣ್ಣು ತಿರುಗಿಸಿದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಬಸ್ಸು ಹತ್ತೋಕ್ಕೆ ಮೊದಲು ಒಂದು ಮಾತು ಕೇಳೋಕ್ಕಾಗ್ತಿರಲಿಲ್ವಾ, ಬುದ್ಧಿ ಎಲ್ಲಿಟ್ಟಿದ್ದೆ ಎಂದೆಲ್ಲ. ಆ ಹೆಂಗಸೇ ಬೇಜಾರು ಮಾಡಿಕೊಂಡು ಎದ್ದುಹೋದರು.

ಅಕ್ಕ ಮೆಲ್ಲಗೆ ಹೇಳಿದಳು. "ನೀನೇ ಹೇಳಿದ್ಯಲ್ಲೇ, ಬೇರೇನೂ ನೋಡಬೇಡ ಅಂತ."

ಜೂನ್ 28, ಶುಕ್ರವಾರ

ಅಣ್ಣನಿಗೆ ಹೂಂ ಎಂದೆ. ಎಂಟನೇ ತಾರೀಕು ಸೋಮವಾರ ಕಾರು ತರುತ್ತಾನೆ. ಅಕ್ಕನಿಗೂ ಹೇಳಿದೆ.

"ಹಿಂದಿನ ದಿನ ಭಾನುವಾರ ಗಣತಿ ಇದೆ. ಅದು ಮುಗಿಸಿಕೊಂಡು ಹೋಗ್ಲಾ?" ಎಂದು ಕೇಳಿದಳು. ಚಿಕ್ಕ ಮಕ್ಕಳು ಆಟಕ್ಕೆ ಅಪ್ಪಣೆ ಕೇಳುವ ಹಾಗೆ.

ಶಾಲು ಮಡಿಸಿ ಒಳಗಿಟ್ಟೆ.

ಜುಲೈ 2, ಮಂಗಳವಾರ

ಸ್ಟುಡಿಯೋದಲ್ಲಿ ಸುಮಾರು ಗಿರಾಕಿಗಳು. ಔಷಧಿ ಅಂಗಡಿಯಾಕೆ ಬಂದಿದ್ದರು. ಬಾಗಿಲು ತೆರೆಯುವ ಮೊದಲೇ ಗೊತ್ತಾಯಿತು, ಮೆಟ್ಟಿಲಿಗೆ ಚಪ್ಪಲಿ ಎರಡು ಸಲ ಒರೆಸುವವರು ಅವರೊಬ್ಬರೇ. ಬ್ಯಾಂಕಿನ ಕಾವಲುಗಾರ ಕೂತರೂ ಒಂದು ಭುಜ ಬಂದೂಕಿನ ಕಡೆಗೇ ಇಳಿದಿರುತ್ತದೆ. ಸರಿಮಾಡಿ ಎಂದು ಹೇಳಲು ಮನಸ್ಸು ಬರಲಿಲ್ಲ, ಹಾಗೇ ತೆಗೆದೆ. ಇವರು ನೋಡಿ, "ಇದೇನು, ಓರೆಯಾಗಿದೆ?" ಎಂದರು. ಮನುಷ್ಯನೇ ಹಾಗಿದ್ದಾನೆ ಎಂದೆ.

ಊಟಕ್ಕೆ ಕೂತಾಗ ಇವರದ್ದು ಇನ್ನೊಂದು ತಕರಾರು. "ಇಷ್ಟು ವರ್ಷ ಇಲ್ಲಿ ಕೂರ್ತಿದ್ದೆ. ಈಗ್ಯಾಕೆ ಆ ಕಡೆ ಹೋಗಿ ಅಕ್ಕನ ಎಡಕ್ಕೆ ಕೂರ್ತೀಯ? ನೀನಿಲ್ಲದೆ ನನಗೆ ಉಪ್ಪು ಎತ್ತಿಕೊಡೋರಿಲ್ಲ." ಕಿಟಕಿ ಗಾಳಿ ಬರುತ್ತೆ, ಅದಕ್ಕೆ ಎಂದೆ. ಉಪ್ಪು ಕೈಗೆ ಎಟುಕದ ಗಂಡಸು.

ಅಕ್ಕನ ಪೆಟ್ಟಿಗೆ ತುಂಬಿಸುತ್ತಿದ್ದೇನೆ. ಎರಡು ಸಲ ತುಂಬಿಸಿ ಎರಡು ಸಲ ತೆಗೆದೆ. ಮಡಿಕೆ ಸರಿಯಾಗಿ ಬಂದಿರಲಿಲ್ಲ.

ಜುಲೈ 6, ಶನಿವಾರ

ಮಳೆ. ಅಕ್ಕ ಕಿಟಕಿಯ ಹತ್ತಿರ ಕೂತು "ನಾಳೆಗೆ ಒಳ್ಳೇದು" ಎಂದಳು.

ಜುಲೈ 7, ಭಾನುವಾರ

ಗಣತಿಗೆ ಜನ ಚೆನ್ನಾಗಿ ಸೇರಿದ್ದರು. ಮೇಷ್ಟ್ರುಗಳು, ಕಾಲೇಜು ಮಕ್ಕಳು, ನಿವೃತ್ತರು. ಸಣ್ಣಗೆ ಹನಿಯುತ್ತಿತ್ತು. ಗಾರ್ಡ್ ಎಲ್ಲರಿಗೂ ಅರಣ್ಯ ಇಲಾಖೆಯ ರೇನ್‌ಕೋಟ್ ಕೊಟ್ಟರು. ಒಂದೇ ಬಣ್ಣ, ಒಂದೇ ಉದ್ದ, ತಲೆಯ ಮೇಲೆ ಟೋಪಿ ಎಳೆದುಕೊಂಡರೆ ಮೂಗಿನ ತುದಿ ಬಿಟ್ಟು ಏನೂ ಕಾಣದು. ಯಾರು ಯಾರೆಂದು ದೇವರಿಗೇ ಗೊತ್ತಾಗಬೇಕು. ಗಣತಿಯ ನಿಯಮ ಎಂದರೆ ಮಾತಾಡಬಾರದು. ಕಪ್ಪೆ ಕಂಡರೆ ಕೈ ಎತ್ತಬೇಕು, ಅಕ್ಕ ಬಂದು ನೋಡುತ್ತಾಳೆ. ಒಬ್ಬೊಬ್ಬರಿಗೂ ಗಾರ್ಡ್ ಒಂದೊಂದು ಮರದ ಕೆಳಗೆ ಜಾಗ ಕೊಟ್ಟರು. ನನ್ನದು ಹಳ್ಳದ ಆಚೆ, ದೊಡ್ಡ ಮರದ ಬುಡ.

ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಹಳ್ಳದ ಈಚೆಯ ಇಳಿಜಾರಿನಲ್ಲಿ ಇಳಿಯುವುದು ಕಂಡಿತು. ಎಲೆ ಒದ್ದೆ, ಜಾರುತ್ತದೆ. ಕೂತಲ್ಲಿ ಕೂರಲಾಗಲಿಲ್ಲ. ಮೆಲ್ಲಗೆ ದಾಟಿ ಈಚೆ ಬಂದೆ. ನನ್ನ ಜಾಗ ಖಾಲಿಯಾಯಿತೆಂದು ಗಾರ್ಡ್ ಅಲ್ಲಿಗೆ ಮೇಷ್ಟ್ರಮ್ಮ ಒಬ್ಬರನ್ನು ಕಳಿಸಿದರು. ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಕೆಕ್ಕರಿಸಲಿ.

ಈಚೆ ನಾವು ಐದಾರು ರೇನ್‌ಕೋಟುಗಳು ಒಂದೊಂದು ಕಡೆ ಬಗ್ಗಿದ್ದೆವು. ನನ್ನ ಮುಂದೆ ಎಲೆಯೊಂದು ಉಸಿರಾಡಿತು. ಬಣ್ಣ ನೋಡಲಿಲ್ಲ. ಜಾಗ ನೋಡಿದೆ. ನೆರಳು, ಒದ್ದೆ ಮಣ್ಣು, ಹತ್ತಿರದಲ್ಲಿ ನಿಂತ ನೀರು. ಮೂತಿಯಿಂದ ಕಿವಿಯ ತನಕ ಕಪ್ಪು ಪಟ್ಟಿ. ಬೆನ್ನಿನ ಎರಡು ಹೊಲಿಗೆ. ಕಾಲಿನ ಮೇಲೆ ಅಡ್ಡಪಟ್ಟೆ. ಪಟ್ಟಿ ಬಲಗಡೆ ಕಿವಿಯ ಹಿಂದೆ ತುಂಡಾಗಿತ್ತು. ಅಯ್ಯೋ, ಇವನೇ! ಆ ಹಾಳು ಕಪ್ಪೆಯನ್ನು ಕಂಡು ನನಗೆ ಅಷ್ಟು ಸಂತೋಷವಾಗುತ್ತದೆಂದು ಯಾರಾದರೂ ಹೇಳಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ಕೈ ಎತ್ತಿದೆ. ಅದೇ ಹೊತ್ತಿಗೆ ಆಚೀಚೆ ಇನ್ನೆರಡು ಕೈಗಳೂ ಎದ್ದವು. ಅಕ್ಕ ನೇರ ನನ್ನ ಹತ್ತಿರ ಬಂದಳು. ಬಗ್ಗಿ ನೋಡಿ, ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಕಿವಿಯಲ್ಲಿ ಹೇಳಿದಳು.

"ಸರಿಯಾಗಿ ಹಿಡಿದೆ ಸಣ್ಣಿ. ಇವನನ್ನೇ ಹಿಡಿದ್ಯಲ್ಲೇ."

ಶಾಲಿಲ್ಲ. ದನಿಯಿಲ್ಲ. ಮುಖವೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಹಳ್ಳದ ಆಚೆಯಿಂದ ದೊಡ್ಡ ದನಿ. ಇವರು! ಕಾಫಿ ಫ್ಲಾಸ್ಕ್ ಹಿಡಿದು ಬಂದವರು, ಗಾರ್ಡ್ ಮೊದಲು ಹೇಳಿದ್ದ ಮರದ ಬುಡಕ್ಕೇ ಹೋಗಿ, ಅಲ್ಲಿ ಬಗ್ಗಿದ್ದ ಮೇಷ್ಟ್ರಮ್ಮನಿಗೆ, "ಶೀತ ಆಗುತ್ತೆ ಅಂತ ಬಡ್ಕೊಂಡೆ, ಕೇಳಿದ್ಯಾ ನನ್ನ ಮಾತು? ಏಳು, ಕಾಫಿ ಕುಡಿ" ಎಂದು ಬೈಯುತ್ತಿದ್ದರು. ಆಕೆ ಟೋಪಿ ಸರಿಸಿ ತಿರುಗಿದಾಗ ಇವರ ಮುಖ ನೋಡಬೇಕಿತ್ತು. ಫ್ಲಾಸ್ಕ್ ಕೈಯಿಂದ ಜಾರಿತು.

ಅಕ್ಕ ಈಚೆಯಿಂದ, ನಿಯಮ ಗಿಯಮ ಎಲ್ಲ ಬಿಟ್ಟು, ಕೂಗಿ ಹೇಳಿದಳು. "ಯಜಮಾನ್ರೇ, ಅದು ನಿಮ್ಮ ಹೆಂಡತಿ ಅಲ್ಲ! ನಿಮ್ಮ ಹೆಂಡತಿ ಇಲ್ಲಿದಾಳೆ!"

ಕಾಡೆಲ್ಲ ನಕ್ಕಿತು. ಕಪ್ಪೆಗಳು ಎಲೆಯೊಳಗೆ ಹಾರಿದವು. ಗಾರ್ಡ್ ತಲೆಯ ಮೇಲೆ ಕೈ ಹೊತ್ತುಕೊಂಡರು.

ನಾನು ನಗಲಿಲ್ಲ. ಅಕ್ಕನ ತೋಳು ಹಿಡಿದುಕೊಂಡು ಕೇಳಿದೆ. "ನಾನೂಂತ ಹೇಗೆ ಗೊತ್ತಾಯ್ತು?"

"ಒಂದು ಮಂಡಿ ಊರಿ, ಇನ್ನೊಂದರ ಮೇಲೆ ಮೊಣಕೈ ಇಟ್ಟು, ಕಪ್ಪೆಗೆ ಫೋಟೊ ತೆಗೆಯೋ ಹಾಗೆ ಇನ್ಯಾರು ಕೂರ್ತಾರೆ?"

"ಅದೊಂದರಿಂದಲೇನಾ?"

"ಅದು ಆಮೇಲೆ. ಮೊದಲು ಜಾಗ ನೋಡ್ತೀನಲ್ಲ" ಎಂದಳು ಅಕ್ಕ, ದಡ್ಡ ಮಕ್ಕಳಿಗೆ ಹೇಳುವ ಹಾಗೆ. "ನಾನು ಎಲ್ಲೇ ನಿಂತ್ರೂ ನನ್ನ ಎಡಗಡೆ ಒಬ್ಬಳು ಇರ್ತಾಳೆ. ಬಿದ್ರೆ ಹಿಡಿಯೋಷ್ಟು ಹತ್ರ. ಮನೇಲೂ ಅಲ್ಲೇ, ದಾರೀಲೂ ಅಲ್ಲೇ, ಊಟಕ್ಕೂ ಅಲ್ಲೇ. ಅಲ್ಲಿರೋದು ನೀನೇ ಕಣೇ. ಬೇರೆ ಯಾರೂ ಅಲ್ಲಿ ಸಿಗಲ್ಲ."

ನಾನು ನನ್ನ ಕಾಲು ನೋಡಿಕೊಂಡೆ. ಅವಳ ಎಡಕ್ಕೇ ನಿಂತಿದ್ದೆ.

"ಮಾರ್ಕೆಟ್ಟಲ್ಲಿ ಅವತ್ತು ಅಲ್ಲಿ ಯಾರೂ ಇರಲಿಲ್ಲ" ಎಂದಳು. "ಅದಕ್ಕೇ ಶಾಲು ನೋಡಿದೆ."

ಮಳೆ ಬರುತ್ತಿದ್ದದ್ದು ಒಳ್ಳೆಯದಾಯಿತು. ಎಲ್ಲರ ಮುಖವೂ ಒದ್ದೆಯಾಗಿತ್ತು.

ಜುಲೈ 8, ಸೋಮವಾರ

ಅಣ್ಣ ಹೊರಡುವ ಮೊದಲೇ ಫೋನ್ ಮಾಡಿದೆ. ಕಾರು ತರಬೇಡ, ಬರುವುದಾದರೆ ಊಟಕ್ಕೆ ಬಾ ಎಂದೆ. ಅವನಿಗೆ ಸಿಟ್ಟು ಬಂತು. ಕೋಣೆ ಕೈತಪ್ಪುತ್ತದೆ, ಹುಡುಗಾಟವೇ, ಬಾಗಿಲಿಗೆ ಬಂದವರಿಗೆಲ್ಲ ಕಾಫಿ ಕೊಡ್ತಾಳಲ್ಲ ಎಂದೆಲ್ಲ ರೇಗಿದ. ಹಗಲು ಕೆಳಗೆ ನನ್ನ ಜೊತೆಗೇ ಇರುತ್ತಾಳೆ ಎಂದೆ. ಆಮೇಲೆ ತಣ್ಣಗಾಗಿ ಕೇಳಿದ.

"ಮತ್ತೆ, ನಿನ್ನ ಮುಖ ಗುರುತು ಸಿಕ್ತಾ ಅವಳಿಗೆ?"

"ಮುಖ ಸಿಕ್ಕಿಲ್ಲ" ಎಂದೆ. "ನಾನು ಸಿಕ್ಕಿದೀನಿ."

ಊಟಕ್ಕೆ ಎಷ್ಟು ಹೊತ್ತಿಗೆ ಬರಲಿ ಎಂದ. ಬಂದ ತಕ್ಷಣ ದೊಡ್ಡ ದನಿಯಲ್ಲಿ ಅಕ್ಕಾ ಎಂದು ಕರಿ, ಇಲ್ಲದಿದ್ದರೆ ನಿನ್ನನ್ನೂ ಫಿಲ್ಟರ್ ಮಾರುವವನು ಅಂದುಕೊಳ್ಳುತ್ತಾಳೆ ಎಂದೆ.

ಪೆಟ್ಟಿಗೆ ಮೂರನೇ ಸಲ ಖಾಲಿ ಮಾಡಿದೆ. ಸ್ಟುಡಿಯೋದಲ್ಲಿ ನನ್ನ ಸ್ಟೂಲಿನ ಬಲಗಡೆ ಅಕ್ಕನಿಗೊಂದು ಕುರ್ಚಿ ಹಾಕಿದ್ದೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳದ್ದೊಂದು ಫೋಟೊ ತೆಗೆದೆ. "ಗಲ್ಲ ಕೆಳಗೆ, ನಗಬಾರದು ಅಲ್ವಾ?" ಎಂದು ಅವಳೇ ಕೇಳಿದಳು. ನಗು ಪರವಾಗಿಲ್ಲ ಎಂದೆ. ಪ್ರಿಂಟ್ ಕೈಗೆ ಕೊಟ್ಟಾಗ ತುಂಬ ಹೊತ್ತು ನೋಡಿ, "ಯಾರೇ ಇದು? ಒಳ್ಳೆಯವರ ಥರ ಕಾಣ್ತಾರೆ" ಎಂದಳು.

ನೀನೇ ಅಕ್ಕಾ ಎಂದೆ. ಹೌದಾ ಎಂದು ಇನ್ನೊಮ್ಮೆ ನೋಡಿದಳು.